ಕಾಣದ ಕಿರಣದ ಅಳತೆ

ಕ್ಷ-ಕಿರಣ ವಿಭಾಗದಲ್ಲಿ ಕೆಲಸ ಮಾಡುವವರ ಅಂಗಿಯ ಮೇಲೆ, ಎದೆಯ ಬಳಿ, ಒಂದು ಪುಟ್ಟ ಬಿಲ್ಲೆ ಸಿಕ್ಕಿಸಿರುವುದನ್ನು ನೀವು ಗಮನಿಸಿರಬಹುದು. ಹೆಸರಿನ ಚೀಟಿಯೆಂದು ಭಾವಿಸಿ ಸುಮ್ಮನಾಗಿರಲೂಬಹುದು. ಅದು ವಾಸ್ತವವಾಗಿ ಒಂದು ಲೆಕ್ಕದ ಪುಸ್ತಕ. ಅದರೊಳಗೆ ಡಿಸ್ಪ್ರೋಸಿಯಂ ಎಂಬ ಧಾತುವನ್ನು ಅತ್ಯಲ್ಪವಾಗಿ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟಿನ ಮೂರು ತಟ್ಟೆಗಳಿರುತ್ತವೆ. ವಿಕಿರಣ ತಾಕಿದಾಗ ಆ ಲವಣ ಅದರ ಶಕ್ತಿಯ ಒಂದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೂರು ತಿಂಗಳಾದ ಮೇಲೆ ಪ್ರಯೋಗಶಾಲೆಯಲ್ಲಿ ಕಾಯಿಸಿದರೆ, ಹಿಡಿದಿಟ್ಟದ್ದನ್ನು ಬೆಳಕಿನ ರೂಪದಲ್ಲಿ ಹಿಂದಿರುಗಿಸುತ್ತದೆ. ಆ ಬೆಳಕು ಎಷ್ಟೆಂಬುದನ್ನು ಅಳೆದರೆ, ಬಿಲ್ಲೆ ತೊಟ್ಟವರ ಮೈಗೆ ಎಷ್ಟು ವಿಕಿರಣ ಸೇರಿತೆಂಬುದು ತಿಳಿಯುತ್ತದೆ. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಂಥ ದೊಡ್ಡ ಸಂಸ್ಥೆಯಾಗಲಿ, ವಿಜಯನಗರ, ಬಸವೇಶ್ವರನಗರಗಳ ಅಡ್ಡರಸ್ತೆಯ ಸ್ಕ್ಯಾನಿಂಗ್ ಕೇಂದ್ರವಾಗಲಿ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಕಟ್ಟಳೆ ಎಲ್ಲರಿಗೂ ಒಂದೇ: ಕೆಲಸಗಾರನಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್; ಅದಕ್ಕೆ ಮೀರಕೂಡದು.

ಈಗ ಒಂದು ಪ್ರಶ್ನೆ ಏಳುತ್ತದೆ. ಸೀಸ ಹೊದಿಸಿದ ಮರೆಯ ಹಿಂದೆ ನಿಂತವನಿಗೆ ಬಿಲ್ಲೆಯುಂಟು. ಮೇಜಿನ ಮೇಲೆ ಮಲಗಿ ಕಿರಣವನ್ನು ನೇರವಾಗಿ ಮೈಗೆ ಪಡೆಯುವ ರೋಗಿಗೆ ಬಿಲ್ಲೆಯೂ ಇಲ್ಲ, ಮಿತಿಯೂ ಇಲ್ಲ. ಇದೆಂಥ ನ್ಯಾಯ?

ನ್ಯಾಯವೇ ಸರಿ, ಆದರೆ ಅದರ ಹಿಂದಿನ ತರ್ಕವನ್ನು ಅರಿತುಕೊಳ್ಳಬೇಕು. ಕೆಲಸಗಾರನ ಮೈಗೆ ಸೇರುವ ವಿಕಿರಣದಿಂದ ಅವನ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ಆದ್ದರಿಂದ ಗೆರೆಯೊಂದನ್ನು ಎಳೆದು, ಇದನ್ನು ದಾಟಬೇಡ ಎನ್ನಬಹುದು. ರೋಗಿಗೆ ಹಾಗಲ್ಲ. ತಲೆಗೆ ಪೆಟ್ಟುಬಿದ್ದು ಪ್ರಜ್ಞೆತಪ್ಪಿದವನಿಗೆ, "ನಿನ್ನ ಈ ವರ್ಷದ ಪಾಲು ಮುಗಿಯಿತು, ಮುಂದಿನ ಯುಗಾದಿಗೆ ಬಾ" ಎಂದು ಹೇಳಲಾದೀತೆ? 1928ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವು ಅದಕ್ಕಾಗಿಯೇ ರೋಗಿಗೆ ಮಿತಿಯನ್ನು ವಿಧಿಸಲಿಲ್ಲ. ಅದರ ಬದಲು ವೈದ್ಯನ ಮುಂದೆ ಎರಡು ಪ್ರಶ್ನೆಗಳನ್ನಿಟ್ಟಿತು. ಈ ಚಿತ್ರ ಬೇಕೇ? ಬೇಕಾದರೆ, ರೋಗ ಕಾಣುವಷ್ಟಕ್ಕೆ ಎಷ್ಟು ಕಿರಣ ಸಾಕು? ಮಿತಿಯ ಗೆರೆಯಿಲ್ಲದ ಕಡೆ ಈ ಎರಡು ಪ್ರಶ್ನೆಗಳೇ ಬೇಲಿ. ಕೇಳುವವರು ಕೇಳದೆ ಬಿಟ್ಟರೆ ಬೇಲಿಯೂ ಇಲ್ಲ.

ಅಳತೆಯ ಮಾತಿಗೆ ಬರೋಣ. 1895ರ ನವೆಂಬರಿನಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗಿನಲ್ಲಿ ರಂಟ್ಗೆನ್ ಈ ಕಿರಣವನ್ನು ಕಂಡಾಗ ಅದನ್ನು ಅಳೆಯುವ ಮಾನವೇ ಇರಲಿಲ್ಲ. ಮೊದಮೊದಲಿನ ವೈದ್ಯರು ಚರ್ಮ ಕೆಂಪಾಗುವುದನ್ನೇ ಅಳತೆಗೋಲಾಗಿ ಬಳಸಿದರು; ಯಂತ್ರ ಸರಿಯಾಗಿದೆಯೇ ಎಂದು ನೋಡಲು ತಮ್ಮ ಕೈಯನ್ನೇ ಅಡ್ಡ ಹಿಡಿಯುತ್ತಿದ್ದವರೂ ಉಂಟು. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡಾಲಿ ಹಾಗೆಯೇ ಕೈಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡ. ಇಂದು ನಾವು ಬಳಸುವ ಮಾನ ಗ್ರೇ. ಒಂದು ಕಿಲೋಗ್ರಾಂ ದೇಹದಲ್ಲಿ ಒಂದು ಜೂಲ್ ಶಕ್ತಿ ಇಂಗಿದರೆ ಅದು ಒಂದು ಗ್ರೇ. ಯಾವ ಅಂಗಕ್ಕೆ ಎಷ್ಟು ಅಪಾಯವೆಂಬುದನ್ನೂ ತೂಗಿ ಹೇಳುವಾಗ ಸೀವರ್ಟ್ ಎಂಬ ಮಾನ ಬರುತ್ತದೆ. ಅದರ ಸಾವಿರದ ಒಂದು ಪಾಲು ಮಿಲಿಸೀವರ್ಟ್.

ಇಲ್ಲೊಂದು ಸೋಜಿಗವಿದೆ. ಇಡೀ ಮೈಗೆ ಒಮ್ಮೆಗೇ ನಾಲ್ಕೈದು ಗ್ರೇ ವಿಕಿರಣ ಬಿದ್ದರೆ, ಚಿಕಿತ್ಸೆ ದೊರೆಯದ ಮನುಷ್ಯ ಬದುಕುವ ಸಂಭವ ಅರ್ಧಕ್ಕರ್ಧ. ಆದರೆ ಅಷ್ಟು ಶಕ್ತಿಯಿಂದ ಮೈಯ ಉಷ್ಣತೆ ಏರುವುದು ಒಂದು ಡಿಗ್ರಿಯ ಸಾವಿರದ ಒಂದು ಭಾಗದಷ್ಟು ಮಾತ್ರ. ಒಂದು ಗುಟುಕು ಬಿಸಿ ಕಾಫಿ ಅದಕ್ಕಿಂತ ಹೆಚ್ಚಿನ ಶಾಖವನ್ನು ಹೊಟ್ಟೆಗೆ ಇಳಿಸುತ್ತದೆ! ಕಾಫಿಯ ಶಾಖ ಮೈಯೆಲ್ಲ ಹರಡಿ ಕರಗಿಹೋಗುತ್ತದೆ. ಕ್ಷ-ಕಿರಣದ ಶಕ್ತಿ ಸೂಜಿಮೊನೆಯಂತೆ ಜೀವಕೋಶದ ಒಳಗಿನ ಒಂದೊಂದು ಅಣುವಿಗೆ ಚುಚ್ಚಿ, ಆನುವಂಶಿಕ ಎಳೆಯನ್ನೇ ಕತ್ತರಿಸಬಲ್ಲದು. ಕೋಶ ಬಹುಮಟ್ಟಿಗೆ ಅದನ್ನು ಹೊಲಿದುಕೊಳ್ಳುತ್ತದೆ. ಎಲ್ಲೋ ಒಂದು ಹೊಲಿಗೆ ತಪ್ಪಿದರೆ, ವರ್ಷಗಳ ತರುವಾಯ ಅದು ಅರ್ಬುದವಾಗಿ ತಲೆಯೆತ್ತಬಹುದು. ಮೈಗೆ ಬಿಸಿ ತಾಕುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದಲೇ ಇಲ್ಲಿ ಅಳತೆಯ ಹೊರತು ಬೇರೆ ಎಚ್ಚರಿಕೆಯಿಲ್ಲ.

ಆದರೆ ರೋಗಿಯ ಯಕೃತ್ತಿನೊಳಗೆ ಮಾಪಕವನ್ನಿಡುವುದು ಹೇಗೆ? ಅದಕ್ಕಾಗಿ ಭೌತವಿಜ್ಞಾನಿಗಳು ಅಕ್ರಿಲಿಕ್ಕಿನ ದಪ್ಪನೆಯ ಉರುಳೆಗಳನ್ನು ಮಾಡಿಕೊಂಡಿದ್ದಾರೆ. 16 ಸೆಂಟಿಮೀಟರ್ ವ್ಯಾಸದ್ದು ತಲೆಗೆ ಪ್ರತಿನಿಧಿ, 32 ಸೆಂಟಿಮೀಟರಿನದು ಮುಂಡಕ್ಕೆ. ಸಿ.ಟಿ. ಯಂತ್ರದ ಬಳೆಯೊಳಗೆ ಉರುಳೆಯನ್ನು ಮಲಗಿಸಿ, ಅದರ ರಂಧ್ರಗಳಲ್ಲಿ ಪೆನ್ಸಿಲಿನಂಥ ಮಾಪಕವನ್ನು ತೂರಿಸಿ, ಯಂತ್ರ ಒಂದು ಸುತ್ತು ತಿರುಗಿದರೆ ಎಷ್ಟು ಮಿಲಿಗ್ರೇ ಬೀಳುತ್ತದೆಂದು ಗೊತ್ತುಮಾಡುತ್ತಾರೆ. ಅದನ್ನು ಸ್ಕ್ಯಾನ್ ಮಾಡಿದ ಉದ್ದದಿಂದ ಗುಣಿಸಿದರೆ ಒಂದು ಗುಣಲಬ್ಧ ಸಿಗುತ್ತದೆ. ಹೊಟ್ಟೆಯ ಸ್ಕ್ಯಾನಿಗೆ ಆ ಗುಣಲಬ್ಧ 600 ಬಂದಿತೆನ್ನಿ. ಹೊಟ್ಟೆಗೆ ಸಲ್ಲುವ ಗುಣಾಂಕ 0.015; ಗುಣಿಸಿದರೆ 9 ಮಿಲಿಸೀವರ್ಟ್. ಲೆಕ್ಕ ಇಷ್ಟೇ. ಇದು ಉರುಳೆಗೆ ಬಿದ್ದ ಪ್ರಮಾಣವೇ ಹೊರತು ನಿಮಗೋ ನನಗೋ ಬಿದ್ದದ್ದಲ್ಲ ಎಂಬುದು ಮಾತ್ರ ನೆನಪಿರಬೇಕು. ಮಗುವಿನ ಮೈ ತೆಳು. ದೊಡ್ಡವರಿಗೆ ಗೊತ್ತುಮಾಡಿದ ಅಂಕಿಯಲ್ಲೇ ಯಂತ್ರವನ್ನು ಬಿಟ್ಟರೆ, ಪರದೆಯ ಮೇಲೆ ತೋರುವುದಕ್ಕಿಂತ ಹೆಚ್ಚೇ ಅದರ ಅಂಗಾಂಗಗಳಿಗೆ ಸೇರುತ್ತದೆ. ಮಕ್ಕಳ ಕೋಶಗಳು ಬೆಳೆಯುತ್ತಿರುವಂಥವು, ಅವರ ಮುಂದೆ ಬಾಳುವ ವರ್ಷಗಳೂ ಹೆಚ್ಚು. ಮಕ್ಕಳಿಗೆ ಬೇರೆಯೇ ಅಂಕಿಗಳನ್ನಿಡಬೇಕೆಂದು ಬಲ್ಲವರು ಒತ್ತಿ ಹೇಳುವುದು ಇದಕ್ಕಾಗಿ.

9 ಮಿಲಿಸೀವರ್ಟ್ ಎಂದರೆ ಹೆಚ್ಚೋ ಕಡಿಮೆಯೋ? ನಾವು ನಿಂತ ನೆಲ, ಉಸಿರಾಡುವ ಗಾಳಿ, ಮೇಲಿನ ಆಕಾಶ, ಎಲ್ಲವೂ ವಿಕಿರಣವನ್ನು ಸೂಸುತ್ತಲೇ ಇವೆ. ಪ್ರಪಂಚದ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ಉಳ್ಳಾಲದ ಕಡಲತೀರದ ಮರಳಿನಲ್ಲಿ ಮೊನಜೈಟ್ ಇರುವುದರಿಂದ ಅಲ್ಲಿ ಇದು ಹೆಚ್ಚೆಂಬುದನ್ನು ನಮ್ಮ ಭೌತವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ಎದೆಯ ಸಾಮಾನ್ಯ ಕ್ಷ-ಕಿರಣ ಚಿತ್ರಕ್ಕೆ ಸುಮಾರು 0.02 ಮಿಲಿಸೀವರ್ಟ್, ಅಂದರೆ ಮೂರು ದಿನ ಭೂಮಿಯ ಮೇಲೆ ಸುಮ್ಮನೆ ಬದುಕಿದಷ್ಟು. ಹೊಟ್ಟೆಯ ಸಿ.ಟಿ.ಗೆ ಮೂರು ನಾಲ್ಕು ವರ್ಷ ಬದುಕಿದಷ್ಟು. ಜನರ ಮಾತಿನಲ್ಲಿ ಎರಡೂ 'ಸ್ಕ್ಯಾನಿಂಗ್' ಎಂಬ ಒಂದೇ ಪದದಡಿಯಲ್ಲಿ ಸೇರಿಹೋಗಿರುವುದು ದುರದೃಷ್ಟಕರ; ವಿಕಿರಣದ ಸೋಂಕೇ ಇಲ್ಲದ ಅಲ್ಟ್ರಾಸೌಂಡ್, ಎಂ.ಆರ್.ಐ.ಗಳೂ ಅದೇ ಪದದಡಿಯಲ್ಲಿವೆ. 10 ಮಿಲಿಸೀವರ್ಟಿನಿಂದ ಮುಂದೆ ಅರ್ಬುದ ಬರುವ ಸಂಭವ ಸುಮಾರು ಎರಡು ಸಾವಿರದಲ್ಲಿ ಒಂದೆಂದು ಒಂದು ಅಂದಾಜು. ಹಿರೋಷಿಮಾ, ನಾಗಾಸಾಕಿಗಳಲ್ಲಿ ಬದುಕುಳಿದವರನ್ನು ದೀರ್ಘಕಾಲ ಗಮನಿಸಿ ಪಡೆದ ಅಂಕಿಗಳನ್ನು ಕೆಳಕ್ಕೆ ಎಳೆದು ಮಾಡಿದ ಅಂದಾಜು ಇದು. ವಿಕಿರಣದ ಮಾತೇ ಇಲ್ಲದೆಯೂ ನಮ್ಮ ದೇಶದಲ್ಲಿ ಒಂಬತ್ತು ಜನರಲ್ಲಿ ಒಬ್ಬರಿಗೆ ಬಾಳಿನಲ್ಲಿ ಎಂದಾದರೊಮ್ಮೆ ಅರ್ಬುದ ಬರುವ ಸಂಭವವಿದೆ. ಒಳಗೆ ಕೀವು ತುಂಬಿದ ಕರುಳುಬಾಲವನ್ನು ಹುಡುಕುವಾಗ ಎರಡು ಸಾವಿರಕ್ಕೊಂದು ಎಂಬ ಅಪಾಯ ಗಣನೆಗೆ ಬಾರದು. ಸುಮ್ಮನೆ ಒಮ್ಮೆ ನೋಡಿಬಿಡೋಣ ಎಂದು ಆರೋಗ್ಯವಂತನನ್ನು ಮಲಗಿಸುವಾಗ ಅದು ಗಣನೆಗೆ ಬರಲೇಬೇಕು.

ಈ ಚಿತ್ರ ಬೇಕೇ ಎಂಬ ಪ್ರಶ್ನೆಯನ್ನು ಇಡೀ ದೇಶದ ಮಟ್ಟದಲ್ಲಿ ಕೇಳಿ, ಉತ್ತರ ಕಂಡುಕೊಂಡ ಉದಾಹರಣೆಯೊಂದು ನಮ್ಮ ಮಗ್ಗುಲಲ್ಲೇ ಇದೆ. ರಾಜಾಜಿನಗರದಿಂದ ಯಶವಂತಪುರ ದಾಟಿದರೆ ತುಮಕೂರು ರಸ್ತೆ. 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ತಂಡಗಳು ಅರವತ್ತರ ದಶಕದ ಮೊದಲಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಕ್ಷ-ಕಿರಣ ಯಂತ್ರಗಳೊಡನೆ ಹೋದವು. ಆ ಕಾಲಕ್ಕೆ ಕ್ಷಯವನ್ನು ಹುಡುಕಲು ಪಶ್ಚಿಮ ದೇಶಗಳು ಅನುಸರಿಸುತ್ತಿದ್ದ ದಾರಿ ಸಾಮೂಹಿಕ ಕ್ಷ-ಕಿರಣ: ಊರಿಗೆ ಊರನ್ನೇ ಸಾಲುನಿಲ್ಲಿಸಿ, ಹೊಳೆಯುವ ಪರದೆಯ ಮೇಲೆ ಮೂಡಿದ ಎದೆಗೂಡಿನ ನೆರಳನ್ನು ಚಿಕ್ಕ ಫಿಲ್ಮಿನಲ್ಲಿ ಸೆರೆಹಿಡಿಯುವುದು. ಫಿಲ್ಮು ಅಗ್ಗ, ಆದರೆ ಪರದೆಯ ಬೆಳಕಿನ ಬಹುಪಾಲು ಮಸೂರದಲ್ಲಿ ನಷ್ಟವಾಗುವುದರಿಂದ, ದೊಡ್ಡ ಫಿಲ್ಮಿಗಿಂತ ಹಲವು ಪಟ್ಟು ಹೆಚ್ಚು ಕಿರಣ ಬೇಕಾಗುತ್ತಿತ್ತು.

ತುಮಕೂರಿನಲ್ಲಿ ರೋಗ ಎಷ್ಟಿದೆಯೆಂಬ ಲೆಕ್ಕ ಸಿಕ್ಕಿತು. ಅದರ ಬೆನ್ನಲ್ಲೇ ಸಂಸ್ಥೆಯ ಸಮಾಜವಿಜ್ಞಾನಿ ದೇಬಬರ ಬ್ಯಾನರ್ಜಿಯವರೂ ಸ್ಟಿಗ್ ಆ್ಯಂಡರ್ಸನ್ನರೂ ಇನ್ನೊಂದು ಪ್ರಶ್ನೆಯನ್ನು ಕೇಳಿದರು: ಈ ರೋಗಿಗಳಿಗೆ ತಮ್ಮ ಕೆಮ್ಮಿನ ಅರಿವಿತ್ತೆ? 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ತೋರಿಸಿದ್ದು, ಬಹುತೇಕ ರೋಗಿಗಳು ತಮ್ಮ ತೊಂದರೆಯನ್ನು ಬಲ್ಲವರೇ ಆಗಿದ್ದರು. ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆಯನ್ನರಸಿ ಹೋಗಿಬಂದಿದ್ದರು. ಅಂದಮೇಲೆ ಆರೋಗ್ಯವಂತರನ್ನೆಲ್ಲ ಯಂತ್ರದ ಮುಂದೆ ನಿಲ್ಲಿಸುವ ಅವಶ್ಯಕತೆ ಏನು? ಕೆಮ್ಮುತ್ತಾ ಬಾಗಿಲಿಗೆ ಬಂದವನ ಕಫವನ್ನು ಸೂಕ್ಷ್ಮದರ್ಶಕದಡಿಯಲ್ಲಿ ನೋಡಿದರೆ ಸಾಕಲ್ಲವೆ? 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ರೂಪುಗೊಂಡದ್ದು ಈ ವಿಚಾರಧಾರೆಯ ಮೇಲೆಯೇ. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿಯೂ ವಿವೇಚನೆಯಿಲ್ಲದ ಸಾಮೂಹಿಕ ಕ್ಷ-ಕಿರಣ ಚಿತ್ರಣವನ್ನು ಕೈಬಿಡಬೇಕೆಂದಿತು. ಬೆಂಗಳೂರಿನ ತಜ್ಞರನ್ನು ಈ ನಿರ್ಧಾರಕ್ಕೆ ಒಯ್ದದ್ದು ಮುಖ್ಯವಾಗಿ ಬಡದೇಶದ ಹಣ, ರಸ್ತೆ, ವಿದ್ಯುತ್ತುಗಳ ಚಿಂತೆಯೇ ಹೊರತು ವಿಕಿರಣದ ಭಯವಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆದರೂ ಲಕ್ಷಾಂತರ ಎದೆಗಳಿಗೆ ಬೀಳಬಹುದಾಗಿದ್ದ ಕಿರಣ ಬೀಳಲಿಲ್ಲ. ಬಡತನ ಕಲಿಸಿದ ವಿವೇಕವೂ ವಿವೇಕವೇ.

ಕಾಲ ಮತ್ತೊಂದು ಸುತ್ತು ಬಂದಿದೆ. 2024ರ ಡಿಸೆಂಬರಿನಲ್ಲಿ ದೇಶದಲ್ಲಿ ಆರಂಭವಾದ ನೂರು ದಿನಗಳ ಕ್ಷಯ ಅಭಿಯಾನದಲ್ಲಿ, ಕೈಯಲ್ಲಿ ಹಿಡಿದು ಒಯ್ಯುವಂಥ ಕ್ಷ-ಕಿರಣ ಯಂತ್ರಗಳು ಊರೂರಿಗೆ ಹೋದವು. ಕೆಮ್ಮೇ ಇಲ್ಲದ ಕ್ಷಯರೋಗಿಗಳೂ ಗಣನೀಯವಾಗಿ ಇದ್ದಾರೆಂಬುದು ಈಗ ತಿಳಿದಿದೆ. ಅಂದಿನ ಪರದೆ-ಫಿಲ್ಮಿಗಿಂತ ಇಂದಿನ ಯಂತ್ರಕ್ಕೆ ಬೇಕಾದ ಕಿರಣವೂ ಬಹಳ ಕಡಿಮೆ. ಹೀಗಾಗಿ ಅಂದು 'ಬೇಡ' ಎಂದ ಪ್ರಶ್ನೆಗೆ ಇಂದು 'ಬೇಕು' ಎಂಬ ಉತ್ತರ ಬಂದರೆ ಅದರಲ್ಲಿ ವಿರೋಧವಿಲ್ಲ.

ಎರಡನೆಯ ಪ್ರಶ್ನೆ, ಎಷ್ಟು ಸಾಕು ಎಂಬುದು, ಗಣಕದ ಯುಗದಲ್ಲಿ ಕಠಿಣವಾಗಿದೆ. ಫಿಲ್ಮಿನ ಕಾಲದಲ್ಲಿ ಕಿರಣ ಹೆಚ್ಚಾದರೆ ಚಿತ್ರ ಕಪ್ಪಾಗುತ್ತಿತ್ತು. ಕತ್ತಲೆಕೋಣೆಯಿಂದ ಹೊರಬಂದ ಒದ್ದೆ ಫಿಲ್ಮೇ ತಪ್ಪನ್ನು ಸಾರುತ್ತಿತ್ತು. ಈಗ ಹೆಚ್ಚಾದ ಕಿರಣವನ್ನು ಗಣಕ ತಾನೇ ಸರಿದೂಗಿಸಿಬಿಡುತ್ತದೆ. ಚಿತ್ರ ಇನ್ನಷ್ಟು ನುಣುಪಾಗಿಯೇ ಬರುತ್ತದೆ. ವೈದ್ಯರಿಗೆ ಸಂತೋಷ, ರೋಗಿಗೆ ಗೊತ್ತಾಗುವುದಿಲ್ಲ. ಹೀಗೆ ಪ್ರಮಾಣ ಯಾರಿಗೂ ಅರಿವಾಗದಂತೆ ಮೆಲ್ಲಮೆಲ್ಲನೆ ಮೇಲೇರುತ್ತದೆ. ಅಮೆರಿಕದ ಲಾಸ್ ಏಂಜಲೀಸಿನ ಆಸ್ಪತ್ರೆಯೊಂದರಲ್ಲಿ 2009ರಲ್ಲಿ ಬೆಳಕಿಗೆ ಬಂದ ಸಂಗತಿ ಇದರ ತುತ್ತತುದಿ. ಮಿದುಳಿನ ರಕ್ತಸಂಚಾರದ ಸಿ.ಟಿ.ಗೆ ಇಡಬೇಕಾದ ಅಂಕಿಯ ಸುಮಾರು ಎಂಟು ಪಟ್ಟು ಕಿರಣ ಒಂದೂವರೆ ವರ್ಷದ ಉದ್ದಕ್ಕೂ 206 ರೋಗಿಗಳಿಗೆ ಬಿದ್ದಿತ್ತು. ಪ್ರಮಾಣದ ಅಂಕಿ ಪ್ರತಿ ಸಲವೂ ಪರದೆಯ ಮೇಲೆ ಮೂಡುತ್ತಲೇ ಇತ್ತು. ಅದನ್ನು ಓದಿದವರಿಲ್ಲ. ರೋಗಿಯೊಬ್ಬನ ತಲೆಗೂದಲು ಉದುರಿದಾಗ ಕಣ್ಣು ತೆರೆಯಿತು.

ಅಂಥ ಅಂಕಿಯನ್ನು ಓದುವುದಕ್ಕೊಂದು ಪದ್ಧತಿಯುಂಟು. ಒಂದೇ ಬಗೆಯ ಪರೀಕ್ಷೆಗೆ ಹಲವು ಆಸ್ಪತ್ರೆಗಳು ಬಳಸುವ ಪ್ರಮಾಣಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ಮುಕ್ಕಾಲು ಪಾಲಿನವರು ಯಾವ ಅಂಕಿಯ ಕೆಳಗಿದ್ದಾರೆಂದು ನೋಡುತ್ತಾರೆ. ಅದೇ ಸೂಚಕ ಮಟ್ಟ. ಅದನ್ನು ಮೀರಿದ ಕೇಂದ್ರ ಅಪರಾಧಿಯಲ್ಲ; ಏಕೆ ಮೀರಿದೆನೆಂದು ತನ್ನನ್ನು ತಾನು ಕೇಳಿಕೊಳ್ಳಬೇಕಾದದ್ದು. ಕಿರಣ ಬೀಳಬೇಕಾದ ಜಾಗವನ್ನು ಕಿರಿದುಗೊಳಿಸುವುದು, ಒಮ್ಮೆ ಸಾಕಾದಲ್ಲಿ ಔಷಧಿ ಕೊಟ್ಟು ಮತ್ತೆ, ಆಮೇಲೆ ಮತ್ತೆ ಎಂದು ಮೂರು ಬಾರಿ ಸ್ಕ್ಯಾನ್ ಮಾಡದಿರುವುದು, ಇವೇ ಹೆಚ್ಚಿನ ಉಳಿತಾಯಗಳು. ಕೆಳಹೊಟ್ಟೆಗೆ ಸೀಸದ ಹೊದಿಕೆ ಹಾಕುವ ಹಳೆಯ ರೂಢಿಯನ್ನು ಈಗ ಕೈಬಿಡುತ್ತಿದ್ದಾರೆ. ಸೀಸ ಅಡ್ಡಬಂದರೆ, ಚಿತ್ರಕ್ಕೆ ಕಿರಣ ಸಾಲದೆಂದು ಭ್ರಮಿಸಿ ಯಂತ್ರ ತಾನಾಗಿ ಪ್ರಮಾಣವನ್ನು ಏರಿಸುವುದುಂಟು!

ಇನ್ನು ರೋಗಿಯ ಪಾಲು. ಮಾಗಡಿ ರಸ್ತೆಯ ಒಂದು ನರ್ಸಿಂಗ್ ಹೋಮಿನಿಂದ ಕಾರ್ಡ್ ರಸ್ತೆಯ ಇನ್ನೊಂದಕ್ಕೆ ಹೋದವರು ಹಳೆಯ ಚಿತ್ರಗಳನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾರೆ. ಅಲ್ಲಿ ಅದೇ ಚಿತ್ರ ಮತ್ತೊಮ್ಮೆ ತೆಗೆಯಲ್ಪಡುತ್ತದೆ. ಹಳೆಯ ಲಕೋಟೆಗಳನ್ನು ತಾರೀಖಿನ ಕ್ರಮದಲ್ಲಿ ಒಂದು ಚೀಲದಲ್ಲಿಟ್ಟುಕೊಂಡು ಹೋಗುವುದು, "ಹಿಂದಿನ ತಿಂಗಳು ತೆಗೆಸಿದ್ದೇನೆ ಡಾಕ್ಟರೇ, ಮತ್ತೆ ಬೇಕೇ?" ಎಂದು ವಿನಯದಿಂದ ಕೇಳುವುದು, ಇವು ಸಣ್ಣ ಕೆಲಸಗಳಲ್ಲ. ಸಿ.ಟಿ. ಮಾಡಿಸಿದವರು ಪ್ರಮಾಣದ ಪುಟವನ್ನು ಕೇಳಿ ಪಡೆದು ಅದೇ ಚೀಲಕ್ಕೆ ಸೇರಿಸಬಹುದು.

ಭಯದ ಬಗೆಗೂ ಒಂದು ಮಾತು. 'ಗರ್ಭಿಣಿಯರು ಮುಂಚಿತವಾಗಿ ತಿಳಿಸಿರಿ' ಎಂಬ ಫಲಕವನ್ನು ಕ್ಷ-ಕಿರಣ ಕೋಣೆಯ ಬಾಗಿಲಲ್ಲಿ ಕಾಣುತ್ತೇವೆ, ಅದು ಇರಲೇಬೇಕಾದದ್ದು. ಆದರೆ ತನಗೇ ಇನ್ನೂ ತಿಳಿಯದ ದಿನಗಳಲ್ಲಿ ಎದೆಯ ಚಿತ್ರ ತೆಗೆಸಿಕೊಂಡ ಹೆಣ್ಣುಮಗಳು, ಮಗುವಿಗೆ ಊನವಾದೀತೆಂಬ ಹೆದರಿಕೆಯಿಂದ ಗರ್ಭವನ್ನೇ ತೆಗೆಸಿಕೊಳ್ಳಲು ಹೊರಡುವುದುಂಟು. ಮನೆಯ ಹಿರಿಯರು ಅದಕ್ಕೆ ತಲೆದೂಗುವುದೂ ಉಂಟು. ಎದೆಯ ಚಿತ್ರದಿಂದ ಗರ್ಭಕ್ಕೆ ತಲುಪುವುದು ಒಂದು ಮಿಲಿಗ್ರೇಯ ನೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. 100 ಮಿಲಿಗ್ರೇಗಿಂತ ಕೆಳಗಿನ ಪ್ರಮಾಣವನ್ನು ಗರ್ಭಪಾತಕ್ಕೆ ಕಾರಣವೆಂದು ಎಣಿಸಬಾರದೆಂದು ಮೇಲೆ ಹೇಳಿದ ಅಂತಾರಾಷ್ಟ್ರೀಯ ಆಯೋಗ 2000ದಲ್ಲಿಯೇ ಸ್ಪಷ್ಟಪಡಿಸಿದೆ. ಆಕೆ ಮೊದಲು ಹೋಗಿ ಕೇಳಬೇಕಾದದ್ದು, ತನಗೆ ಬಿದ್ದ ಪ್ರಮಾಣವೆಷ್ಟು ಎಂಬುದನ್ನು. ಚಿತ್ರ ತೆಗೆದ ಕೇಂದ್ರದಲ್ಲಿ ಯಂತ್ರಕ್ಕೆ ಇಟ್ಟ ಅಂಕಿಗಳು ಸಿಕ್ಕರೆ, ಭೌತವಿಜ್ಞಾನಿಯೊಬ್ಬರು ಅದನ್ನು ಲೆಕ್ಕಹಾಕಿ ಹೇಳಬಲ್ಲರು.