ಎಷ್ಟು ಎಂಎಂ ಬೇಕು?

ಕಾಡಿನದೋ ವಿಮಾನ ಪ್ರದರ್ಶನದ್ದೋ ಫೋಟೋ ತೆಗೆಯಬೇಕೆಂದು ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಸರ್, ಎಷ್ಟು ಎಂಎಂ ತಗೊಳ್ಳಲಿ?" ಉತ್ತರವನ್ನೂ ಅವರೇ ಮನಸ್ಸಿನಲ್ಲಿ ಇಟ್ಟುಕೊಂಡು ಬಂದಿರುತ್ತಾರೆ. ದುಡ್ಡು ಸಾಲುವಷ್ಟು ಉದ್ದದ್ದು! ನಾನು ತಿರುಗಿ ಎರಡು ಪ್ರಶ್ನೆ ಹಾಕುತ್ತೇನೆ. ನೀವು ನಿಂತ ಜಾಗಕ್ಕೂ ಎದುರಿನ ಪ್ರಾಣಿಗೋ ವಿಮಾನಕ್ಕೋ ಇರುವ ದೂರ ಬದಲಾಗುತ್ತಿರುತ್ತದೆಯೇ? ನೀವು ಕ್ಲಿಕ್ಕಿಸುವ ಹೊತ್ತಿಗೆ ಅಲ್ಲಿ ಬೆಳಕು ಎಷ್ಟಿರುತ್ತದೆ? ಜೂಮೋ ಪ್ರೈಮೋ ಎಂಬ ಜಗಳ ಇವೆರಡರಲ್ಲೇ ಮುಕ್ಕಾಲು ಪಾಲು ಬಗೆಹರಿಯುತ್ತದೆ.

ಪರಿಭಾಷೆಯನ್ನು ಬೇಗ ಮುಗಿಸೋಣ. ಎಂಎಂನಲ್ಲಿ ಹೇಳುವುದು ಲೆನ್ಸಿನ ಫೋಕಲ್ ಲೆಂಗ್ತನ್ನು. ಪ್ರೈಮ್ ಲೆನ್ಸಿಗೆ ಅದು ಒಂದೇ. ಜೂಮ್ ಲೆನ್ಸಿನಲ್ಲಿ ಅದನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಫೋಕಲ್ ಲೆಂಗ್ತನ್ನು ಬೆಳಕು ಒಳಹೋಗುವ ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಬರುವುದೇ ಎಫ್ ಸಂಖ್ಯೆ. ಹಾಗಾಗಿ 600 ಎಂಎಂ ಎಫ್ 4 ಎಂದರೆ 15 ಸೆಂಟಿಮೀಟರ್ ಅಗಲದ ಕಿಂಡಿ. 600 ಎಂಎಂ ಎಫ್ 6.3 ಎಂದರೆ ಒಂಬತ್ತೂವರೆ ಸೆಂಟಿಮೀಟರಿನದು. ತೂಕವೂ ಬೆಲೆಯೂ ಈ ಅಗಲದ ಬೆನ್ನಿಗೇ ಏರುತ್ತವೆ. ಸೋನಿಯ 600 ಎಫ್ 4 ಪ್ರೈಮ್ ಮೂರು ಕಿಲೋ ತೂಗುತ್ತದೆ, ಬೆಲೆ ಹತ್ತು ಲಕ್ಷದ ಮೇಲೆ. ಅದೇ ಕಂಪನಿಯ 200-600 ಜೂಮ್ ಎರಡು ಕಿಲೋ ಚಿಲ್ಲರೆ, ಬೆಲೆ ಎರಡು ಲಕ್ಷದ ಆಸುಪಾಸು.

ಅಷ್ಟು ಹೆಚ್ಚು ಕೊಟ್ಟದ್ದಕ್ಕೆ ಸಿಗುವುದೇನು? ಸುಮಾರು ಎರಡೂವರೆ ಪಟ್ಟು ಬೆಳಕು. ಕಬಿನಿಯ ಸಂಜೆ ಸಫಾರಿಯ ಕೊನೆಯ ಅರ್ಧ ಗಂಟೆಯಲ್ಲಿ ಜೂಮ್‌ನವರಿಗೆ ಸೆಕೆಂಡಿನ 1/400 ಶಟರ್ ದಕ್ಕಿದರೆ, ಅದೇ ಐಎಸ್ಒದಲ್ಲಿ (ಬೆಳಕಿಗೆ ಕ್ಯಾಮೆರಾದ ಸಂವೇದನೆ ಅಷ್ಟೇ ಇರುವಾಗ) ಪ್ರೈಮ್‌ನವರಿಗೆ 1/1000 ದಕ್ಕುತ್ತದೆ. ನಡೆಯುತ್ತಿರುವ ಹುಲಿಗೆ 1/400 ಸಾಕಾದೀತು, ನೆಗೆಯುವ ಚಿರತೆಗೆ ಸಾಲದು.

ಆದರೆ ಅದೇ ಕಬಿನಿಯಲ್ಲಿ ಜೀಪಿನಿಂದ ಇಳಿಯುವಂತಿಲ್ಲ, ಜೀಪು ದಾರಿ ಬಿಟ್ಟು ಕದಲುವಂತಿಲ್ಲ. ದೂರವನ್ನು ತೀರ್ಮಾನಿಸುವುದು ನೀವಲ್ಲ, ಪ್ರಾಣಿ. ಹಿನ್ನೀರಿನ ಆಚೆ ದಡದಲ್ಲಿ ಮೇಯುವ ಆನೆಗೆ 600 ಕೂಡ ಕಡಿಮೆಯೇ. ತಿರುವಿನಲ್ಲಿ ಎದುರಾದ ಸಲಗಕ್ಕೆ 600 ಹಿಡಿದರೆ ಕಿವಿಯ ಒಂದು ಮೂಲೆ ಸಿಗುತ್ತದೆ. ಹಂಪಿ ಬಳಿಯ ದರೋಜಿ ಕರಡಿಧಾಮದ ಲೆಕ್ಕವೇ ಬೇರೆ. ಅಲ್ಲಿ ನೀವು ವೀಕ್ಷಣಾ ಗೋಪುರದಲ್ಲಿ, ಕರಡಿಗಳು ಎದುರಿನ ಬಂಡೆಗಳ ಮೇಲೆ. ದೂರ ಹೆಚ್ಚುಕಡಿಮೆ ಗೊತ್ತಿದ್ದದ್ದೇ. ಪ್ರಾಣಿ ಕಪ್ಪು, ಹೊತ್ತು ಇಳಿಹೊತ್ತು. ಪ್ರೈಮ್ ಲೆನ್ಸಿಗೆಂದೇ ಹೇಳಿಮಾಡಿಸಿದ ಜಾಗ ಅದು. ರಂಗನತಿಟ್ಟಿನಲ್ಲಿ ದೋಣಿ ಗೂಡುಗಳ ಸಮೀಪಕ್ಕೇ ಹೋಗುವುದರಿಂದ 100-400 ಜೂಮ್ ಧಾರಾಳವಾಯಿತು.

(ಪ್ರೈಮ್ ಎಂದರೆ ಭಾರವೇ ಎಂದುಕೊಳ್ಳಬೇಡಿ. ನಿಕಾನ್‌ನ 500 ಎಂಎಂ ಎಫ್ 5.6 ಪಿಎಫ್ ಪ್ರೈಮ್ ಒಂದೂವರೆ ಕಿಲೋ ಕೂಡ ಇಲ್ಲ; ಅದೇ ಎಫ್ 5.6ರ 200-500 ಜೂಮ್ 2.3 ಕಿಲೋ. ಗಾಜು ಬೆಳಕನ್ನು ಬಾಗಿಸುವಾಗ ಕೆಂಪಿಗಿಂತ ನೀಲಿಯನ್ನು ಹೆಚ್ಚು ಬಾಗಿಸುತ್ತದೆ. ಸೂಕ್ಷ್ಮ ಗೀರುಗಳಿಂದಾಗುವ ವಿವರ್ತನೆ ತದ್ವಿರುದ್ಧ, ಕೆಂಪನ್ನೇ ಹೆಚ್ಚು ಬಾಗಿಸುತ್ತದೆ. ಪಿಎಫ್ ಲೆನ್ಸಿನಲ್ಲಿ ಎರಡನ್ನೂ ಜೋಡಿಸಿ ಬಣ್ಣದೋಷವನ್ನು ಒಂದಕ್ಕೊಂದು ವಜಾ ಮಾಡಿದ್ದಾರೆ. ದೋಷ ತಿದ್ದಲು ಬೇಕಿದ್ದ ಗಾಜುಗಳು ಕಡಿಮೆಯಾದವು, ತೂಕ ಇಳಿಯಿತು. ಎಂಥ ಚೆಲುವಾದ ಉಪಾಯ!)

ಈಗ ಯಲಹಂಕಕ್ಕೆ ಬನ್ನಿ. 1996ರಿಂದ ಅಲ್ಲಿನ ವಾಯುನೆಲೆಯಲ್ಲಿ ನಡೆಯುತ್ತಿರುವ ಏರೋ ಇಂಡಿಯಾದಲ್ಲಿ ಮೇಲಿನ ಲೆಕ್ಕವೆಲ್ಲ ತಲೆಕೆಳಗು. ಸೂರ್ಯಕಿರಣ ತಂಡದ ಒಂಬತ್ತು ಹಾಕ್ ವಿಮಾನಗಳು ಗುಂಪಾಗಿ ಬಂದು ಕಣ್ಣೆದುರೇ ಚದುರುತ್ತವೆ. ಹೊಗೆಯ ಗೆರೆಗಳ ಸಮೇತ ಎಲ್ಲವೂ ಫ್ರೇಮಿಗೆ ಬರಬೇಕಾದರೆ 100 ಎಂಎಂ ಬೇಕು, ಮರುಗಳಿಗೆ ಒಂಟಿ ವಿಮಾನಕ್ಕೆ 500 ಬೇಕು. ಜೂಮ್ ಇಲ್ಲದೆ ಗತಿಯಿಲ್ಲ. ಬೆಳಕಿಗಂತೂ ಬರವಿಲ್ಲ.

ಹೆಲಿಕಾಪ್ಟರಿನ ವಿಷಯದಲ್ಲಿ ಇನ್ನೊಂದು ಎಡವಟ್ಟಿದೆ. ಶಟರ್ ವೇಗ ಹೆಚ್ಚಿದಷ್ಟೂ ಒಳ್ಳೆಯದು ಎಂದು 1/2000ದಲ್ಲಿ ತೆಗೆದ ಧ್ರುವ್ ಫೋಟೋ ನೋಡಿ: ರೆಕ್ಕೆಗಳು ಗಕ್ಕನೆ ನಿಂತುಬಿಟ್ಟಿರುತ್ತವೆ, ಹೆಲಿಕಾಪ್ಟರ್ ಈಗ ಬಿದ್ದೀತು ಎನ್ನಿಸುತ್ತದೆ. ಲೆಕ್ಕ ಸರಳ. ರೆಕ್ಕೆ ನಿಮಿಷಕ್ಕೆ ಸುಮಾರು 300 ಸುತ್ತು ತಿರುಗುತ್ತದೆ ಎನ್ನಿ. ಸೆಕೆಂಡಿಗೆ ಐದು ಸುತ್ತು, ಅಂದರೆ 1800 ಡಿಗ್ರಿ. 1/2000 ಸೆಕೆಂಡಿನಲ್ಲಿ ಒಂದು ಡಿಗ್ರಿಯೂ ತಿರುಗುವುದಿಲ್ಲ; 1/100ರಲ್ಲಿ 18 ಡಿಗ್ರಿ ತಿರುಗುತ್ತದೆ, ಫೋಟೋದಲ್ಲಿ ಚಲನೆ ಕಾಣುತ್ತದೆ. ಇನ್ನು ಫೆಬ್ರುವರಿಯ ರಣಬಿಸಿಲಿನಲ್ಲಿ ಐಎಸ್ಒ 100 ಇಟ್ಟು 1/100 ಶಟರ್ ಬೇಕೆಂದರೆ ಅಪರ್ಚರನ್ನು ಎಫ್ 16ಕ್ಕೆ ಕಿರಿದು ಮಾಡಬೇಕು. ಎಫ್ 4ಕ್ಕೆಂದು ಕೊಟ್ಟ ಲಕ್ಷಗಳೆಲ್ಲ ಆಗ ಸುಮ್ಮನೆ ಕೂತಿರುತ್ತವೆ! ಅಲ್ಲಿ ಕೆಲಸಕ್ಕೆ ಬರುವುದು ಅಲುಗಾಟ ತಡೆಯುವ ವ್ಯವಸ್ಥೆ ಮತ್ತು ವಿಮಾನದ ಜೊತೆಗೇ ಸಮನಾಗಿ ತಿರುಗುವ ನಿಮ್ಮ ಸೊಂಟ.

ಎಲ್ಲಕ್ಕಿಂತ ಹೆಚ್ಚು ಜನ ಮುಗ್ಗರಿಸುವುದು ಗಾಳಿಯ ವಿಷಯದಲ್ಲಿ. "ದೂರದ್ದು ಮಸುಕಾಗಿ ಬರುತ್ತಿದೆ, ಇನ್ನೂ ಉದ್ದದ ಲೆನ್ಸ್ ಬೇಕು" ಎನ್ನುತ್ತಾರೆ. ಟೆಲಿಕನ್ವರ್ಟರ್ ಕೊಳ್ಳುತ್ತಾರೆ. 1.4 ಪಟ್ಟಿನದು ಅರ್ಧ ಬೆಳಕು ನುಂಗುತ್ತದೆ, 2 ಪಟ್ಟಿನದು ಮುಕ್ಕಾಲು ಬೆಳಕು. ಫೋಟೋ ಮಾತ್ರ ಹಾಗೆಯೇ ಮಸುಕು. ಆಮೇಲೆ ಲೆನ್ಸೇ ಸರಿಯಿಲ್ಲವೆಂದು ಸರ್ವೀಸ್ ಸೆಂಟರಿಗೆ ಒಯ್ಯುತ್ತಾರೆ.

ನಡೆಯುವುದು ಇಷ್ಟು. ಬಿಸಿಲಿಗೆ ರನ್‌ವೇ ಕಾದು, ಅದಕ್ಕೆ ತಾಗಿದ ಗಾಳಿ ಬಿಸಿಯಾಗಿ ಉಂಡೆ ಉಂಡೆಯಾಗಿ ಮೇಲೇಳುತ್ತದೆ, ಸುತ್ತಲಿನ ತಂಪು ಗಾಳಿ ಆ ಜಾಗಕ್ಕೆ ಇಳಿಯುತ್ತದೆ. ಬಿಸಿ ಗಾಳಿ ವಿರಳ; ತಂಪು ಗಾಳಿಗಿಂತ ಅದರ ವಕ್ರೀಭವನಾಂಕ ಒಂದು ಎಳೆಯಷ್ಟು ಕಡಿಮೆ. ಬೆಳಕು ಒಂದರಿಂದ ಇನ್ನೊಂದಕ್ಕೆ ದಾಟುವಾಗಲೆಲ್ಲ ಚೂರುಚೂರೇ ಬಾಗುತ್ತದೆ. ಒಂದೊಂದು ಉಂಡೆಯೂ ಒಂದೊಂದು ಕಳಪೆ ಲೆನ್ಸ್ ಎಂದುಕೊಳ್ಳಿ. ಒಂದು ಕಿಲೋಮೀಟರ್ ಆಚೆಯ ವಿಮಾನಕ್ಕೂ ನಿಮಗೂ ನಡುವೆ ಅಂಥವು ಅಸಂಖ್ಯ, ಅದೂ ಕ್ಷಣಕ್ಕೊಂದು ಆಕಾರದಲ್ಲಿ. ಎಷ್ಟು ಉದ್ದದ ಲೆನ್ಸ್ ಹಾಕಿದರೂ ವಿಮಾನದ ಜೊತೆ ಈ ನಡುಕವೂ ಅಷ್ಟೇ ದೊಡ್ಡದಾಗುತ್ತದೆ. ಹತ್ತು ಲಕ್ಷದ ಗಾಜಿಗೂ ಇದನ್ನು ಗೆಲ್ಲಲಾಗದು.

ತಪ್ಪು ಗಾಳಿಯದೋ ಲೆನ್ಸಿನದೋ ಪತ್ತೆ ಮಾಡಲು ಸುಲಭದ ದಾರಿಯಿದೆ. ಒಂದೇ ಗುರಿಗೆ ಸಾಲಾಗಿ ಹತ್ತು ಫೋಟೋ ಹೊಡೆದು ಹಿಗ್ಗಿಸಿ ನೋಡಿ. ಒಂದರಲ್ಲಿ ಮೂತಿ ಚೊಕ್ಕಟ ಬಾಲ ಮಸುಕು, ಇನ್ನೊಂದರಲ್ಲಿ ಬಾಲ ಚೊಕ್ಕಟ ಮೂತಿ ಮಸುಕು ಎಂದಿದ್ದರೆ ಅದು ಗಾಳಿ. ಹತ್ತರಲ್ಲೂ ಒಂದೇ ತೆರನ ಮಸುಕಿದ್ದರೆ ಫೋಕಸ್ಸನ್ನು ಶಂಕಿಸಿ. ಗಾಳಿಯೆಂದಾದರೆ ಬೆಳಗಿನ ತಂಪು ಹೊತ್ತಿಗೆ ಬನ್ನಿ, ಹತ್ತಿರ ಹೋಗಿ, ನೆಲಕ್ಕೆ ಅಂಟಿದ್ದನ್ನು ಬಿಟ್ಟು ತಲೆಯ ಮೇಲೆ ಹಾಯುವುದನ್ನು ಹಿಡಿಯಿರಿ. ಕಾದ ಜೀಪಿನ ಬಾನೆಟ್ ಮೇಲಿನಿಂದ ಗುರಿ ಇಡಬೇಡಿ. ಎಸಿ ಕೋಣೆಯಿಂದ ತಂದ ಲೆನ್ಸ್ ಹೊರಗಿನ ಬಿಸಿಗೆ ಹೊಂದಿಕೊಳ್ಳುವ ತನಕ ಕಾಯಿರಿ.

ಈ ನಡುಕದ ವಿವರಣೆ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲೇ ಇದೆ, ಮಾನವನ ಕಣ್ಣಿನ ಪಾಠದಲ್ಲಿ. ಪರೀಕ್ಷೆಗೆಂದು ಓದಿ ಮರೆತವರು ಮನೆಯ ಮಕ್ಕಳಿಂದ ಪುಸ್ತಕ ಇಸಿದುಕೊಂಡು ಆ ಪಾಠವನ್ನೂ ಅದರ ಹಿಂದಿನ ಬೆಳಕಿನ ಪಾಠವನ್ನೂ ಇನ್ನೊಮ್ಮೆ ಓದಿ. ಲೆನ್ಸ್ ವಿಮರ್ಶೆಯ ನೂರು ವಿಡಿಯೋಗಳಿಗಿಂತ ಆ ಎರಡು ಪಾಠಗಳಲ್ಲಿ ಹೆಚ್ಚು ಸಾರವಿದೆ.

ಒಂದೇ ಲೆನ್ಸ್ ಕೊಳ್ಳುವ ಶಕ್ತಿ ಇರುವವರಿಗೆ ನನ್ನ ಮತ ಜೂಮ್‌ಗೇ. ಒಂದು ವರ್ಷ ಅದರಲ್ಲೇ ತೆಗೆಯಿರಿ. ಯಾವ ಫೋಕಲ್ ಲೆಂಗ್ತ್‌ನಲ್ಲಿ ತೆಗೆದಿರೆಂಬುದು ಪ್ರತಿ ಫೋಟೋದ ಫೈಲಿನಲ್ಲೂ ದಾಖಲಾಗಿರುತ್ತದೆ. ಆರಿಸಿ ಇಟ್ಟುಕೊಂಡ ಫೋಟೋಗಳಷ್ಟನ್ನೇ ತೆರೆದು ಆ ಅಂಕಿಗಳನ್ನು ನೋಡಿ. ಬಹುಪಾಲು 600ರಲ್ಲೇ ಇದ್ದು, ಐಎಸ್ಒ ಕೂಡ ವಿಪರೀತ ಏರಿದ್ದರೆ ಪ್ರೈಮ್ ಬಗ್ಗೆ ಯೋಚಿಸಿ. ಆಗಲೂ ಕೊಳ್ಳುವ ಮುಂಚೆ ಎರಡು ದಿನ ಬಾಡಿಗೆಗೆ ತಂದು ಹೊತ್ತು ನೋಡಿ. ಬೆಂಗಳೂರಿನಲ್ಲಿ ಲೆನ್ಸ್ ಬಾಡಿಗೆಗೆ ಸಿಗುತ್ತದೆ.