ಅಟ್ಟದ ಮೇಲಿನ ಪರಿಗ್ರಹ

ಕೆರೆ ಕಟ್ಟುವವರು ಏರಿಯೊಡನೆ ಕೋಡಿಯನ್ನೂ ಕಟ್ಟುತ್ತಾರೆ. ಎಷ್ಟು ನೀರು ನಿಲ್ಲಬೇಕೆಂಬುದನ್ನು ಮಳೆ ಬರುವ ಮೊದಲೇ ನಿಶ್ಚಯಿಸಿ, ಮೀರಿದ್ದು ಹೊರಹೋಗಲು ದಾರಿ ಬಿಡುತ್ತಾರೆ. ಹೊಳಲ್ಕೆರೆ, ಹೆಗ್ಗೆರೆ ಎಂದು ಊರಿನ ಹೆಸರಿನಲ್ಲೇ ಕೆರೆಯನ್ನು ಇರಿಸಿಕೊಂಡಿರುವ ಚಿತ್ರದುರ್ಗ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿರಿಯೂರು ಬಳಿಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ನೀರು ಹರಿಯಲಿಲ್ಲವೆಂದು ಆ ಕೋಡಿಯನ್ನು ಯಾರೂ ಮುಚ್ಚಿಸಲಿಲ್ಲ. ಶ್ರಾವಕನ ಐದನೆಯ ಅಣುವ್ರತವಾದ ಪರಿಗ್ರಹ ಪರಿಮಾಣವು ಮನೆಗೆ ಕಟ್ಟಿಕೊಳ್ಳುವ ಇಂಥದೇ ಕೋಡಿ.

ಬರದ ಸೀಮೆಯಲ್ಲಿ ಕೂಡಿಡುವುದು ಅವಿವೇಕವೇನೂ ಅಲ್ಲ. ರಾಗಿಯನ್ನು ಹಗೇವಿನಲ್ಲಿಟ್ಟು ಬರಗಾಲಗಳನ್ನು ದಾಟಿದ ನೆಲವಿದು. ಚಿತ್ರದುರ್ಗದ ಕೋಟೆ ಹತ್ತಿದವರು ಅಲ್ಲಿನ ಕಣಜಗಳನ್ನೂ ಎಣ್ಣೆಕೊಳಗಳನ್ನೂ ಕಂಡಿರುತ್ತಾರೆ. ‘ಇರಲಿ, ಮುಂದೆ ಬೇಕಾದೀತು’ ಎಂಬ ಹಿರಿಯರ ಮಾತಿನ ಹಿಂದೆ ಹಸಿವಿನ ನೆನಪು ಇದೆ. ಅದನ್ನು ನಗೆಯಾಡುವುದು ಸಲ್ಲದು. ಆದರೆ ಹಗೇವಿನ ರಾಗಿಗೆ ಒಂದು ಉದ್ದೇಶವಿತ್ತು, ಅದನ್ನು ತೆಗೆಯುವ ಕಾಲವೂ ಬರುತ್ತಿತ್ತು. ಇಂದಿನ ಅಟ್ಟದ ಮೇಲಿರುವ ಟಿ.ವಿ.ಯ ಖಾಲಿ ಪೆಟ್ಟಿಗೆ, ಕೆಟ್ಟ ಮಿಕ್ಸಿ, ಹಿಡಿ ಮುರಿದ ಕುಕ್ಕರ್, ಮದುವೆ ಮನೆಗಳಿಂದ ಬಂದ ಸ್ಟೀಲ್ ಡಬ್ಬಿಗಳ ರಾಶಿ ಯಾವ ಬರಗಾಲಕ್ಕೆ ಒದಗುತ್ತವೆ?

ಉಮಾಸ್ವಾಮಿ ಆಚಾರ್ಯರು ‘ತತ್ತ್ವಾರ್ಥಸೂತ್ರ’ದಲ್ಲಿ ಪರಿಗ್ರಹವನ್ನು ವಸ್ತುವಿನ ಲೆಕ್ಕದಿಂದ ಹೇಳದೆ ಮೂರ್ಛೆ ಎಂಬ ಪದದಿಂದ ಹೇಳಿದರು. ಇದು ನನ್ನದು ಎಂಬ ಭಾವದಲ್ಲಿ ಎಚ್ಚರ ತಪ್ಪುವುದೇ ಮೂರ್ಛೆ. ಶಾಸ್ತ್ರಕಾರರು ಬಾಹ್ಯ ಪರಿಗ್ರಹವನ್ನು 10 ಬಗೆಯಾಗಿಯೂ ಅಂತರಂಗ ಪರಿಗ್ರಹವನ್ನು 14 ಬಗೆಯಾಗಿಯೂ ಎಣಿಸಿದ್ದಾರೆ. ಬಾಹ್ಯದ ಪಟ್ಟಿಯಲ್ಲಿ ಹೊಲ, ಮನೆ, ಚಿನ್ನಗಳ ಸಾಲಿನಲ್ಲೇ ಬಟ್ಟೆಬರೆಯೂ ಪಾತ್ರೆಪಡಗವೂ ಸೇರಿವೆ. ಅಂತರಂಗದ ಪಟ್ಟಿಯಲ್ಲಿ ಕ್ರೋಧ, ಲೋಭಗಳ ಜೊತೆಗೆ ಶೋಕವೂ ಭಯವೂ ಇವೆ. ಅಟ್ಟವನ್ನು ತುಂಬಿಸುವವರು ಬಹುಮಟ್ಟಿಗೆ ಈ ಕೊನೆಯ ಇಬ್ಬರು: ತೀರಿಕೊಂಡವರ ನೆನಪಿನ ಶೋಕ, ನಾಳೆ ಸಿಗದೇ ಹೋದೀತೆಂಬ ಭಯ.

ಹಾಗಾದರೆ ಎಲ್ಲವನ್ನೂ ಒಮ್ಮೆಗೇ ಹೊರಹಾಕಬೇಕೆ? ಶ್ವೇತಾಂಬರ ಆಗಮವಾದ ‘ಉಪಾಸಕದಶಾ’ದಲ್ಲಿ ವಾಣಿಜ್ಯಗ್ರಾಮದ ಆನಂದ ಶ್ರಾವಕನ ಕಥೆ ಬರುತ್ತದೆ. ಭಗವಾನ್ ಮಹಾವೀರರ ಬಳಿ ವ್ರತ ಸ್ವೀಕರಿಸಿದಾಗ ಆತನ ಬಳಿ 12 ಕೋಟಿ ಸುವರ್ಣವಿತ್ತು: 4 ಕೋಟಿ ನಿಧಿಯಲ್ಲಿ, 4 ಕೋಟಿ ವ್ಯವಹಾರದಲ್ಲಿ, 4 ಕೋಟಿ ಗೃಹಕೃತ್ಯದಲ್ಲಿ. ಹತ್ತು ಹತ್ತು ಸಾವಿರ ಹಸುಗಳ 4 ಮಂದೆಗಳಿದ್ದವು, 500 ನೇಗಿಲುಗಳ ಭೂಮಿಯಿತ್ತು. ಅದೆಲ್ಲವನ್ನೂ ಆತ ಬಿಟ್ಟುಕೊಡಲಿಲ್ಲ. ಇದಕ್ಕಿಂತ ಹೆಚ್ಚು ಬೇಡ ಎಂದ, ಅಷ್ಟೆ. ಇಷ್ಟು ಸಿರಿ ಇಟ್ಟುಕೊಂಡವನದು ಎಂಥ ವ್ರತ ಎಂದು ಹುಬ್ಬೇರಿಸುವವರು ಕಥೆಯ ಮುಂದಿನ ಭಾಗವನ್ನು ಓದಬೇಕು. ಮೈ ಒರೆಸಲು ಇಂಥದೊಂದು ವಸ್ತ್ರ, ಹಲ್ಲುಜ್ಜಲು ಹಸಿ ಜ್ಯೇಷ್ಠಮಧುವಿನ ಒಂದು ಕಡ್ಡಿ, ಉಡಲು ಒಂದು ಜೊತೆ ಬಟ್ಟೆ ಎಂದು ದಿನಬಳಕೆಯ ಒಂದೊಂದಕ್ಕೂ ಆತ ಮಿತಿ ಹೇಳುತ್ತಾ ಹೋಗುತ್ತಾನೆ. ಕೋಟಿಗಳನ್ನು ಎಣಿಸಿದ ಬಾಯಿಯೇ ಹಲ್ಲುಕಡ್ಡಿಯನ್ನೂ ಎಣಿಸುತ್ತದೆ. ಗೃಹಸ್ಥನಿಗೆ ಮೊದಲ ಹೆಜ್ಜೆ ಇಲ್ಲಿದೆ. ಬಾಗಿಲಿನಿಂದ ಒಳಗೆ ಬರುವುದು ನಿಲ್ಲದೆ ಅಟ್ಟ ಖಾಲಿ ಮಾಡಿದರೆ ದೀಪಾವಳಿಯಿಂದ ಯುಗಾದಿಯೊಳಗೆ ಅದು ಮತ್ತೆ ತುಂಬುತ್ತದೆ.

ಸಮಂತಭದ್ರ ಆಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಈ ವ್ರತಕ್ಕೆ ಇಚ್ಛಾಪರಿಮಾಣ ಎಂಬ ಹೆಸರನ್ನೂ ಕೊಟ್ಟು, 5 ಅತಿಚಾರಗಳನ್ನು ಹೇಳಿದ್ದಾರೆ: ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ. ಇವುಗಳಲ್ಲಿ ಅತಿವಿಸ್ಮಯವೆಂದರೆ ಇತರರ ಸಂಪತ್ತನ್ನು ಕಂಡು ಬೆರಗಾಗುವುದು. ಕೊಳ್ಳುವ ಮೊದಲೇ ವ್ರತ ಸಡಿಲಗೊಳ್ಳುವ ಸ್ಥಳವಿದು. ಹೊಸದುರ್ಗದ ಕೊಬ್ಬರಿಗಾಗಲಿ ಭೀಮಸಮುದ್ರದ ಅಡಿಕೆಗಾಗಲಿ ಬೆಲೆ ಬರಲೆಂದು ಕಾಯುವುದು ರೈತನ ಜೀವನೋಪಾಯ; ನ್ಯಾಯವಾದ ಬೆಲೆ ಬಂದ ಮೇಲೂ ಇನ್ನಷ್ಟು ಬರಲೆಂದು ನಿದ್ದೆಗೆಡುವುದು ಅತಿಲೋಭ. ಮೊದಲನೆಯದೂ ಕೊನೆಯದೂ ದುಡಿಯುವ ಜೀವವನ್ನು ಶಕ್ತಿ ಮೀರಿ ನಡೆಸುವುದಕ್ಕೆ, ಮೀರಿ ಹೊರಿಸುವುದಕ್ಕೆ ಸಂಬಂಧಿಸಿವೆ. ಒಬ್ಬನ ಹೆಚ್ಚುವರಿ ಇನ್ನೊಂದು ಜೀವದ ಬೆನ್ನಿನ ಭಾರವಾಗುತ್ತದೆಂಬುದನ್ನು ಆಚಾರ್ಯರು ಆಗಲೇ ಗಮನಿಸಿದ್ದರು.

ಅಹಿಂಸೆಯ ಪ್ರಶ್ನೆ ಮನೆಯೊಳಗೂ ಏಳುತ್ತದೆ. ಮುಟ್ಟದೆ ಬಿಟ್ಟ ವಸ್ತು ಬಹುಕಾಲ ನಿರ್ಜೀವವಾಗಿ ಉಳಿಯುವುದಿಲ್ಲ. ಹಳೆಯ ಕಾಗದದ ಕಟ್ಟಿನಲ್ಲಿ ಬೆಳ್ಳಿಹುಳ, ಗೋಣಿಚೀಲದಲ್ಲಿ ನುಸಿ, ಪೆಟ್ಟಿಗೆಗಳ ಸಂದಿಯಲ್ಲಿ ಜೇಡ, ಜಿರಲೆ, ಹಲ್ಲಿಯ ಮೊಟ್ಟೆ ಮನೆಮಾಡುತ್ತವೆ. ಐದು ವರ್ಷ ಕೂಡಿಟ್ಟದ್ದನ್ನು ಹಬ್ಬದ ಮುನ್ನಾದಿನ ಒಂದೇ ಏಟಿಗೆ ಗುಡಿಸಿ, ಔಷಧ ಹೊಡೆದು ಸ್ವಚ್ಛಗೊಳಿಸಿದರೆ ಎಷ್ಟು ಜೀವಗಳು ಸಾಯುತ್ತವೆ! ಸಂಗ್ರಹಿಸಿದ್ದು ಒಂದು ದೋಷ, ತೆಗೆಯುವ ರೀತಿ ಮತ್ತೊಂದು. ಮುನಿಗಳ 5 ಸಮಿತಿಗಳಲ್ಲಿ ಆದಾನ-ನಿಕ್ಷೇಪಣ ಸಮಿತಿಯೆಂದರೆ ವಸ್ತುವನ್ನು ನೋಡಿ, ಪಿಂಛಿಯಿಂದ ಮೃದುವಾಗಿ ಸವರಿ ಎತ್ತುವುದು, ಇಡುವುದು. ಉತ್ಸರ್ಗ ಸಮಿತಿಯೆಂದರೆ ಬಿಡಬೇಕಾದುದನ್ನು ಜೀವಜಂತುಗಳಿಲ್ಲದ ಸ್ಥಳ ನೋಡಿ ಬಿಡುವುದು. ಇವು ಮಹಾವ್ರತಿಗಳಿಗೆ ಹೇಳಿದವು. ಆದರೂ ಅಟ್ಟ ಹತ್ತುವ ಗೃಹಸ್ಥನಿಗೆ ಇವುಗಳಿಗಿಂತ ಪ್ರಯೋಜನಕರವಾದ ಪಾಠ ಸಿಗಲಾರದು. ಹಗಲಿನ ಬೆಳಕಿನಲ್ಲಿ, ದಿನಕ್ಕೆ ಒಂದೇ ಗೂಡು, ಮೆತ್ತನೆಯ ಪೊರಕೆಯಿಂದ ತೆಗೆದರೆ ಹುಳಹುಪ್ಪಟೆಗಳು ಸರಿದುಹೋಗಲು ಅವಕಾಶವಾಗುತ್ತದೆ. ಕಸಕ್ಕೆ ಬೆಂಕಿಯಿಡುವುದು, ಪ್ಲಾಸ್ಟಿಕ್ಕನ್ನು ಹಸು ಮೇಯುವ ಕೆರೆಯಂಗಳದಲ್ಲಿ ಸುರಿಯುವುದು, ಬ್ಯಾಟರಿ ಮತ್ತು ಅವಧಿ ಮೀರಿದ ಮಾತ್ರೆಗಳನ್ನು ಮೋರಿಗೆ ಎಸೆಯುವುದು ತ್ಯಾಗದ ಲೆಕ್ಕಕ್ಕೆ ಬರುವುದಿಲ್ಲ. ಅದು ತನ್ನ ಪರಿಗ್ರಹವನ್ನು ಊರಿನ ತಲೆಗೆ ಕಟ್ಟುವುದು.

ದಾನದ ಹೆಸರಿನಲ್ಲಿಯೂ ಇಂಥದು ನಡೆಯುತ್ತದೆ. ಹರಿದ ಸೀರೆ, ತಳ ತೂತಾದ ಪಾತ್ರೆಗಳನ್ನು ಮನೆಗೆಲಸದಾಕೆಯ ಕೈಗಿತ್ತು ಪುಣ್ಯ ಬಂತೆಂದುಕೊಳ್ಳುವವರು ಇದ್ದಾರೆ. ಸಮಂತಭದ್ರರು ಆಹಾರ, ಔಷಧಗಳ ಜೊತೆಗೆ ಉಪಕರಣವನ್ನೂ ಆವಾಸವನ್ನೂ ದಾನದಲ್ಲಿ ಎಣಿಸಿದರು. ಉಪಕರಣವೆಂದರೆ ಪಡೆದವರಿಗೆ ಉಪಕಾರಕ್ಕೆ ಬರುವಂಥದು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು, ಮನೆಯಲ್ಲಿ ಉಳಿದದ್ದನ್ನು ಹಂಚಿದವಳಲ್ಲ. ಬಳಕೆಗೆ ಯೋಗ್ಯವಾದ ಪಾತ್ರೆ, ಕಂಬಳಿ, ಪುಸ್ತಕಗಳನ್ನು ತೊಳೆದು, ಒರೆಸಿ, ಬೇಕೇ ಎಂದು ಕೇಳಿ ಕೊಡುವುದು ಕ್ರಮ.

ಒಂದು ಎಚ್ಚರಿಕೆಯೂ ಅಗತ್ಯ. ಹಳೆಯ ಮನೆತನಗಳ ಪೆಟ್ಟಿಗೆಯಲ್ಲಿ ಓಲೆಗರಿಯ ಕಟ್ಟು ಕಂಡರೆ ಗುಜರಿಗೆ ಹಾಕಬಾರದು. ಮೂಡುಬಿದಿರೆಯಲ್ಲಿ ಧವಲಾ ಗ್ರಂಥದ ಓಲೆಗಳು ಉಳಿದುಬಂದದ್ದು ಅವನ್ನು ಯಾರೋ ಜೋಪಾನ ಮಾಡಿದ್ದರಿಂದ. ಅಂಥವನ್ನು ಮನೆಯಲ್ಲಿ ಗೆದ್ದಲಿಗೆ ಬಿಡುವ ಬದಲು ಮಠಕ್ಕೋ ಶ್ರವಣಬೆಳಗೊಳದ ಪ್ರಾಕೃತ ಸಂಶೋಧನಾ ಸಂಸ್ಥೆಯಂಥ ಕಡೆಗೋ ಒಪ್ಪಿಸಿದರೆ ವಸ್ತು ಉಳಿಯುತ್ತದೆ, ಮಮಕಾರ ಕಳೆಯುತ್ತದೆ.

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಎಂಟನೆಯ ದಿನ ಉತ್ತಮ ತ್ಯಾಗ, ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ. ಕೊಡುವುದು ಮೊದಲು, ನನ್ನದೇನೂ ಇಲ್ಲವೆಂಬ ಅರಿವು ಆಮೇಲೆ. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯಿದೆ. ದಿಗಂಬರ ಜಿನಬಿಂಬದ ಮೇಲೆ ನೂಲೆಳೆಯೂ ಇರುವುದಿಲ್ಲ. ಅದರ ಮುಂದೆ ನಿಂತವರು ಜೀವಾವಧಿಯ ಯಮವನ್ನೇ ತೊಡಬೇಕಾಗಿಲ್ಲ. ಒಂದು ದಿನ, ಒಂದು ಪಕ್ಷ, ಒಂದು ಮಾಸ, ಒಂದು ಋತು, ಒಂದು ಅಯನ ಎಂದು ಅವಧಿ ಹಾಕಿಕೊಳ್ಳುವ ನಿಯಮಕ್ಕೂ ಶ್ರಾವಕಾಚಾರದಲ್ಲಿ ಎಡೆಯಿದೆ. ಈ ಅಯನ ಮುಗಿಯುವ ತನಕ ಹೊಸ ಪಾತ್ರೆ ಬೇಡ, ಹೊಸ ಸೀರೆ ಬೇಡ ಎಂದು ಬರೆದಿಟ್ಟುಕೊಳ್ಳಬಹುದು. ತೀರಿಹೋದ ತಾಯಿಯ ಕಂಚಿನ ತಟ್ಟೆಯನ್ನು ಬಿಡಲು ಮನಸ್ಸು ಒಪ್ಪದಿದ್ದರೆ ಅದನ್ನೂ ಪಟ್ಟಿಯಲ್ಲಿ ಬರೆದು, ಅಟ್ಟದಿಂದ ಇಳಿಸಿ, ನಿತ್ಯ ಅದರಲ್ಲಿ ಊಟ ಮಾಡಬಹುದು.