ಗಡಿ ದಾಟಿದ ಗಾಡಿಗೆ ಹೊಸ ನಂಬರು

ಸನ್ನತಿಯ ಚಂದ್ರಲಾಂಬೆ ಮಹಾರಾಷ್ಟ್ರ, ತೆಲಂಗಾಣದ ಎಷ್ಟೋ ಮನೆತನಗಳಿಗೆ ಕುಲದೇವತೆ. ಹೀಗಾಗಿ ಭೀಮಾ ದಂಡೆಯ ಈ ಊರಿಗೆ ಬರುವ ಕಾರುಗಳಲ್ಲಿ ಕೆಎ 32ರ ಜೊತೆಗೆ ಎಂಎಚ್, ಎಪಿ, ಟಿಎಸ್ ನಂಬರುಗಳೂ ಇರುತ್ತವೆ. ತೆಲಂಗಾಣದಲ್ಲಿ 2024ರ ಮಾರ್ಚ್‌ನಿಂದ ಈಚೆಗೆ ನೋಂದಣಿಯಾದ ಗಾಡಿಯಾದರೆ ಟಿಜಿ. 'ಎಲ್ಲಿ ಪಾಸಿಂಗ್ ಅದರಿ ಗಾಡಿ?' ಎಂದು ಕೇಳಿದರೆ ಸಾಕು, ಊರು-ಕೇರಿಯ ಮಾತು ಶುರುವಾಗುತ್ತದೆ. ದರ್ಶನ ಮುಗಿಸಿ ಸಂಜೆಗೆ ತಿರುಗಿ ಹೋಗುವ ಗಾಡಿಗೆ ತಕರಾರಿಲ್ಲ. ನೌಕರಿಗೆಂದು ಬಂದು ವಾಡಿಯಲ್ಲೋ ಸೇಡಂನಲ್ಲೋ ಮನೆ ಹಿಡಿದವರ ಗಾಡಿಗೆ ಮಾತ್ರ ಆರ್‌ಟಿಓ ಕಚೇರಿಯ ದಾರಿ ತಪ್ಪದು.

ಪರದೇಶಕ್ಕೆ ಹೋಗುವವರು ಕಾರನ್ನೂ ಜೊತೆಗೆ ಒಯ್ಯುವುದು ಎಷ್ಟು ಕಷ್ಟವೆಂದು ಆಮೇಲೆ ನೋಡೋಣ. ಪಕ್ಕದ ರಾಜ್ಯದಿಂದ ತರುವುದೇ ಒಂದು ದೇಶಾಂತರ ಆಗಿದ್ದು ಹೇಗೆ?

ಒಂದು ಗಡಿ ಅಳಿದು, ಇನ್ನೊಂದು ಹುಟ್ಟಿ

ಈ ಸೀಮೆಗೆ ಗಡಿ ಹೊಸದಲ್ಲ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಮುಂಬೈ ಕಡೆಯಿಂದ ಬರುವ ಜಿಐಪಿ ರೈಲು ಬ್ರಿಟಿಷ್ ಕಂಪನಿಯದು. ವಾಡಿಯಲ್ಲಿ ಅದನ್ನು ಬಿಟ್ಟು ಚಿತ್ತಾಪುರ, ಸೇಡಂ, ತಾಂಡೂರಿನ ಕಡೆ ತಿರುಗುವ ಹಳಿ ಹೈದರಾಬಾದ್ ಸರ್ಕಾರದ ಆಶ್ರಯದ್ದು. ಆ ಸಂಸ್ಥಾನಕ್ಕೆ ತನ್ನದೇ ಅಂಚೆ, ತನ್ನದೇ ಹಾಲಿ ಸಿಕ್ಕಾ ನಾಣ್ಯ. ಬ್ರಿಟಿಷರ ಆರು ರೂಪಾಯಿಗೆ ಹಾಲಿಯ ಏಳು ರೂಪಾಯಿ, ಹೆಚ್ಚುಕಡಿಮೆ ಅದೇ ಲೆಕ್ಕ. ಹೊರಗಿನಿಂದ ಬಂದ ಸರಕಿಗೆ ಕರೋಡಗಿರಿ ಇಲಾಖೆ ಸುಂಕ ಎತ್ತುತ್ತಿತ್ತು. ಸೊಲ್ಲಾಪುರದಿಂದ ಕಲಬುರಗಿಗೆ ಬರುವುದೆಂದರೆ ಲೆಕ್ಕದಲ್ಲಿ ಒಂದು ದೇಶ ದಾಟಿದಂತೆಯೇ ಆಗಿತ್ತು.

1948ರಲ್ಲಿ ಹೈದರಾಬಾದ್ ಭಾರತದೊಳಗೆ ಸೇರಿತು. ಮುಂದೆ ಕರೋಡಗಿರಿಯೂ ಹೋಯಿತು, ಸಿಕ್ಕಾವೂ ಹೋಯಿತು. ಆದರೆ 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳು ಮರುವಿಂಗಡಣೆಯಾದಾಗ, ಅದುವರೆಗೆ ಗುಲಬರ್ಗಾ ಜಿಲ್ಲೆಯಲ್ಲೇ ಇದ್ದ ತಾಂಡೂರು, ಕೊಡಂಗಲ್ ಆಂಧ್ರದ ಪಾಲಾದವು. ಸೇಡಂ, ಚಿತ್ತಾಪುರ ಮೈಸೂರು ರಾಜ್ಯಕ್ಕೆ ಬಂದವು. ಸೇಡಂ–ತಾಂಡೂರು ನಡುವೆ ಎಂದೂ ಇರದಿದ್ದ ಗೆರೆಯೊಂದು ಬಿತ್ತು. ಇವತ್ತು ಆ ಗೆರೆ ಜನರನ್ನು ತಡೆಯುವುದಿಲ್ಲ, ಗಾಡಿಯ ಕಾಗದವನ್ನು ತಡೆಯುತ್ತದೆ.

ಕಾರಣ ಸಂವಿಧಾನದಲ್ಲೇ ಇದೆ. ಏಳನೆಯ ಅನುಸೂಚಿಯ ರಾಜ್ಯಪಟ್ಟಿಯ 57ನೆಯ ಬಾಬಿನ ಪ್ರಕಾರ ವಾಹನ ತೆರಿಗೆ ರಾಜ್ಯಗಳ ಹಕ್ಕು. ಕರ್ನಾಟಕದಲ್ಲಿ ಹೊಸ ಕಾರಿನ ಬೆಲೆ ಐದು ಲಕ್ಷದೊಳಗಿದ್ದರೆ ಶೇ 13, ಇಪ್ಪತ್ತು ಲಕ್ಷ ಮೀರಿದರೆ ಶೇ 18. ಮೇಲೆ ಸೆಸ್ ಬೇರೆ. ಒಮ್ಮೆಲೆ ಕಟ್ಟುವ ಈ ಲೈಫ್ ಟ್ಯಾಕ್ಸ್ ಹೆಸರಿಗೆ ಗಾಡಿಯ ಆಯುಷ್ಯಕ್ಕೆಲ್ಲ ಸಲ್ಲುವಂಥದ್ದು. ಗಡಿ ದಾಟಿತೆಂದರೆ ಇನ್ನೊಂದು ರಾಜ್ಯ ಅದನ್ನು ಒಪ್ಪುವುದಿಲ್ಲ.

ಪೆನ್ಸಿಲಿನ ಅಚ್ಚು

1988ರ ಮೋಟಾರು ವಾಹನ ಕಾಯ್ದೆಯ 47ನೆಯ ಕಲಮಿನ ಪ್ರಕಾರ, ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳು ಮೀರಿ ಇಲ್ಲಿ ಉಳಿದರೆ ಹೊಸ ನಂಬರು ಪಡೆಯಬೇಕು. ಮೊದಲು ಹಳೆಯ ಆರ್‌ಟಿಓದಿಂದ 28ನೆಯ ನಮೂನೆಯಲ್ಲಿ ಎನ್‌ಒಸಿ. ಚಾಸಿ ನಂಬರಿನ ಮೇಲೆ ತೆಳು ಹಾಳೆ ಇಟ್ಟು, ಪೆನ್ಸಿಲಿನಿಂದ ಉಜ್ಜಿ ತೆಗೆದ ಅಚ್ಚನ್ನು ಆ ಅರ್ಜಿಗೆ ಅಂಟಿಸಬೇಕು. ಸಾಲದ ಗಾಡಿಯಾದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಆಮೇಲೆ ಇಲ್ಲಿ 27ನೆಯ ನಮೂನೆ, ಗಾಡಿಯ ವಯಸ್ಸಿಗೆ ತಕ್ಕ ತೆರಿಗೆ. ಹಳೆಯ ರಾಜ್ಯದಲ್ಲಿ ಕಟ್ಟಿದ್ದರಲ್ಲಿ ಉಳಿದ ಪಾಲನ್ನು ವಾಪಸು ಪಡೆಯಲು ಅಲ್ಲಿಗೇ ಮತ್ತೆ ಅರ್ಜಿ.

ಕರ್ನಾಟಕ 2014ರಲ್ಲಿ ತನ್ನ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, ಮೂವತ್ತು ದಿನ ಮೀರಿ ಉಳಿದ ಹೊರರಾಜ್ಯದ ಗಾಡಿಯೂ ಲೈಫ್ ಟ್ಯಾಕ್ಸ್ ಕಟ್ಟಬೇಕೆಂದಿತು. 2016ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ವರ್ಷದ ಗಡುವೇ ಉಳಿಯಿತು.

ಪದೇ ಪದೇ ವರ್ಗವಾಗುವವರ ಸಲುವಾಗಿ ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್ 15ರಿಂದ ಬಿಎಚ್ ಸರಣಿ ತಂದಿತು. ಈ ನಂಬರಿನಲ್ಲಿ ರಾಜ್ಯದ ಗುರುತೇ ಇಲ್ಲ. ತೆರಿಗೆ ಎರಡೆರಡು ವರ್ಷಕ್ಕೆ. ಸರ್ಕಾರಿ ನೌಕರರು, ಸೈನಿಕರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯವರು ಇದಕ್ಕೆ ಅರ್ಹರು. ಖಾಸಗಿಯವರಿಗೆ ಕೊಡಲಾಗದೆಂದು ಕರ್ನಾಟಕದ ಸಾರಿಗೆ ಇಲಾಖೆ 2021ರ ಡಿಸೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಮರುವರ್ಷ ಡಿಸೆಂಬರ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ತಳ್ಳಿಹಾಕಿತು. ವಾಡಿ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಿಗೆ ದೂರದ ರಾಜ್ಯಗಳಿಂದ ವರ್ಗವಾಗಿ ಬರುವ ಇಂಜಿನಿಯರುಗಳಿಗೆ ಇದು ಒಳ್ಳೆಯ ಸುದ್ದಿ.

ಸಮುದ್ರದಾಚೆ

ನಿಜವಾದ ಪರದೇಶದ ಗಡಿ ಇನ್ನೂ ಬಿಗಿ. ಸೌದಿಯಲ್ಲೋ ದುಬೈಯಲ್ಲೋ ದುಡಿದವರು ಅಲ್ಲಿಯ ಕಾರನ್ನು ತರುವ ಮಾತೇ ಇಲ್ಲ. ಅಲ್ಲಿ ರಸ್ತೆಯ ಬಲಕ್ಕೆ ಓಡಿಸುವುದು, ಸ್ಟೀರಿಂಗು ಎಡಕ್ಕೆ. ಭಾರತಕ್ಕೆ ತರುವ ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಿರಬಾರದು, ಸ್ಟೀರಿಂಗು ಬಲಕ್ಕಿರಬೇಕು, ಮುಂಬೈ ಬಂದರಿನಲ್ಲೇ ಇಳಿಯಬೇಕು. ಕಾರಿನ ಬೆಲೆಗಿಂತ ಸುಂಕವೇ ಹೆಚ್ಚು. ಇಲ್ಲಿಂದ ಅಮೆರಿಕಕ್ಕೆ ಒಯ್ಯುವುದೂ ಸುಲಭವಲ್ಲ. ಅಲ್ಲಿಯ ಸುರಕ್ಷತಾ ಮಾನದಂಡಕ್ಕೆ ತಕ್ಕಂತೆ ತಯಾರಾಗದ ಕಾರನ್ನು ಸಾಮಾನ್ಯವಾಗಿ 25 ವರ್ಷ ತುಂಬುವವರೆಗೆ ಒಳಗೆ ಬಿಡುವುದಿಲ್ಲ.

ಸುತ್ತಾಡಿ ವಾಪಸು ಬರುವವರಿಗೆ ಮಾತ್ರ 'ಕಾರ್ನೆ' ಎಂಬ ದಾಖಲೆಪುಸ್ತಕದ ದಾರಿ ಇದೆ. 1919ರಲ್ಲಿ ಮುಂಬೈಯಲ್ಲಿ ಹುಟ್ಟಿದ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ ಅದನ್ನು ಕೊಡುತ್ತದೆ. ಪ್ರತಿ ಗಡಿಯಲ್ಲೂ ಒಳಗೆ ಬಂದದ್ದಕ್ಕೊಂದು, ಹೊರಗೆ ಹೋದದ್ದಕ್ಕೊಂದು ಮೊಹರು ಬೀಳುತ್ತದೆ. ಗಾಡಿ ಅಲ್ಲೇ ಉಳಿದರೆ ಸುಂಕದ ಹೊರೆ ಇಟ್ಟ ಠೇವಣಿಯ ಮೇಲೆ ಬೀಳುತ್ತದೆ.

ಪರದೇಶದ ಈ ಕಟ್ಟಳೆಗೆ ಸ್ಟೀರಿಂಗು, ಸುರಕ್ಷತೆ, ದೇಶದ ಕಾರ್ಖಾನೆಗಳ ಹಿತ ಎಂಬ ನೆಪಗಳಾದರೂ ಇವೆ. ಸೇಡಂನಿಂದ ತಾಂಡೂರಿಗೆ ಹೋಗುವ ಕಾರಿಗೆ ಸ್ಟೀರಿಂಗೂ ಬದಲಾಗದು, ರಸ್ತೆಯ ಮಗ್ಗುಲೂ ಬದಲಾಗದು. ಅಲ್ಲಿ ಬದಲಾಗುವುದು ಹಣ ಯಾವ ಖಜಾನೆಗೆ ಎಂಬುದೊಂದೇ. ಬಿಎಚ್ ಸರಣಿ ಆ ತೊಡಕನ್ನು ಬಿಡಿಸಿದ್ದು ವರ್ಗಾವಣೆಯ ನೌಕರಿ ಇರುವವರಿಗೆ ಮಾತ್ರ. ಹೈದರಾಬಾದಿಗೆ ಮನೆ ಬದಲಿಸುವ ಶಹಾಬಾದಿನ ಕಲ್ಲು ವ್ಯಾಪಾರಿಗೆ, ಮಗಳ ಮನೆ ಸೇರುವ ಚಿಂಚೋಳಿಯ ರೈತನಿಗೆ ಎನ್‌ಒಸಿ, ಪೆನ್ಸಿಲಿನ ಅಚ್ಚು ತಪ್ಪಿಲ್ಲ. 2017ರಿಂದ ಜಿಎಸ್‌ಟಿಯಲ್ಲಿ ಗಡಿ ದಾಟುವ ಸರಕಿನ ತೆರಿಗೆಯನ್ನು ಸರ್ಕಾರಗಳೇ ತಮ್ಮತಮ್ಮಲ್ಲಿ ಲೆಕ್ಕ ತೀರಿಸಿಕೊಳ್ಳುತ್ತಿವೆ. ಒಂದು ಲಾರಿ ಶಹಾಬಾದಿ ಕಲ್ಲಿಗೆ ಸಿಕ್ಕ ಸವಲತ್ತು ಅದನ್ನು ಮಾರುವವನ ಕಾರಿಗೂ ಸಿಗಬಾರದೇಕೆ?